ಶಿಶುಗಳ ಗುರುವಾದ ಪೆಸ್ಟಲಾಜಿಯ ಚರಿತ್ರೆ

ಸ್ಮರಣ ಸಂಚಿಕೆಯಲ್ಲಿ ಶಾಲೆಯ ಕಟ್ಟಡಗಳ ವಿಷಯವನ್ನೂ ಪರೀಕ್ಷೆಗಳ ಫಲವನ್ನೂ ಹೇಳುವಂತೆಯೇ, ಶಾಲೆಯೆಂಬ ಮಾತಿಗೆ ಅರ್ಥವನ್ನು ತಂದುಕೊಟ್ಟ ಹಿರಿಯರಲ್ಲಿ ಒಬ್ಬರನ್ನಾದರೂ ನೆನೆಯುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ. ಈ ಶಾಲೆಯಿಂದ ಹೊರಟ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಗೃಹಿಣಿಯರಾಗಿಯೂ ಶಿಕ್ಷಕಿಯರಾಗಿಯೂ ಇದ್ದಾರೆ. ಅವರ ಮನೆಗಳಲ್ಲಿ ನಾಲ್ಕು ವರ್ಷದ ಕೂಸು ಬಂದವರ ಮುಂದೆ ನಿಂತು ಒಂದರಿಂದ ನೂರರವರೆಗೆ ತಡೆಯಿಲ್ಲದೆ ಒಪ್ಪಿಸಿ ಎಲ್ಲರ ಹೊಗಳಿಕೆಯನ್ನು ಪಡೆಯುವುದುಂಟು. ಆದರೆ ಅದೇ ಕೂಸಿನ ಮುಂದೆ ಏಳು ಹುಣಸೆಯ ಬೀಜಗಳನ್ನು ಹರಡಿ, ಇವು ಎಷ್ಟು ಎಂದು ಕೇಳಿದರೆ, ಬೆರಳು ಒಂದು ಕಡೆಗೂ ಬಾಯಿ ಇನ್ನೊಂದು ಕಡೆಗೂ ಓಡಿ, ಒಮ್ಮೆ ಒಂಬತ್ತೆಂದೂ ಒಮ್ಮೆ ಆರೆಂದೂ ಹೇಳುವುದು. ಬಾಯಿ ಬಲ್ಲದ್ದನ್ನು ಕಣ್ಣು ಅರಿಯದು. ಈ ಕೊರತೆಯನ್ನು ಕಂಡು ಮರುಗಿ, ಅದನ್ನು ನೀಗುವುದಕ್ಕಾಗಿ ಆಸ್ತಿಯನ್ನೂ ಆರೋಗ್ಯವನ್ನೂ ಆಯುಷ್ಯವನ್ನೂ ಸವೆಸಿದವರಲ್ಲಿ ಅಗ್ರಗಣ್ಯನು ಸ್ವಿತ್ಸರ್ಲೆಂಡ್ ದೇಶದ ಯೋಹಾನ್ ಹೈನ್ರಿಖ್ ಪೆಸ್ಟಲಾಜಿ ಎಂಬವನು. ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಪೆಸ್ಟಲಾಜಿಯು 1746ನೆಯ ಇಸವಿ ಜನವರಿ 12ರಂದು ಜೂರಿಕ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯು ವೈದ್ಯನಾಗಿದ್ದನು. ಬಾಲಕನು ಐದು ವರ್ಷದವನಾಗಿದ್ದಾಗ, ಅಂದರೆ 1751ರಲ್ಲಿ, ತಂದೆಯು ಮರಣ ಹೊಂದಿದನು. ಆತನು ಮರಣಶಯ್ಯೆಯಲ್ಲಿದ್ದಾಗ ಮನೆಯ ದಾಸಿಯಾದ ಬಾಬೆಲಿ ಎಂಬಾಕೆಯನ್ನು ಕರೆದು, ತನ್ನ ಹೆಂಡತಿ ಮಕ್ಕಳನ್ನು ಕೈಬಿಡಬಾರದೆಂದು ಬೇಡಿಕೊಂಡನು. ಆಕೆಯು ಕೊಟ್ಟ ಮಾತಿಗೆ ತಪ್ಪದೆ, ತನ್ನ ಸ್ವಂತ ಸುಖದ ಕಡೆಗೆ ನೋಡದೆ, ಆ ಬಡ ಕುಟುಂಬದಲ್ಲಿಯೇ ಉಳಿದು, ಕಾಸಿಗೆ ಕಾಸು ಕೂಡಿಸಿ ಸಂಸಾರವನ್ನು ತೂಗಿಸಿದಳು. ಓದುಬರಹದಿಂದ ದೂರವಿದ್ದ ಈ ಹೆಂಗಸಿನ ನಿಷ್ಠೆಯು ಬಾಲಕನ ಹೃದಯದಲ್ಲಿ ಆಳವಾಗಿ ನೆಟ್ಟಿತು. ಮನೆಯೇ ಮೊದಲನೆಯ ಶಾಲೆ, ತಾಯಿಯೇ ಮೊದಲನೆಯ ಗುರು ಎಂದು ಅವನು ಮುಂದೆ ಬೋಧಿಸಿದ್ದರ ಬೇರು ಇಲ್ಲಿಯೇ ಇದೆ.

ಶಾಲೆಯಲ್ಲಿ ಅವನು ಜಾಣನೆಂದು ಹೆಸರು ಪಡೆಯಲಿಲ್ಲ. ಅಕ್ಷರಗಳು ಅಂದವಾಗಿರಲಿಲ್ಲ, ಉಡುಗೆಯ ಮೇಲೆ ಗಮನವಿರಲಿಲ್ಲ, ಜೊತೆಯ ಹುಡುಗರು ಅವನನ್ನು ಹಾಸ್ಯ ಮಾಡುತ್ತಿದ್ದರು. ರಜೆಯ ದಿನಗಳಲ್ಲಿ ಅವನು ಹಳ್ಳಿಯ ಸಭಾಪಾಲಕನಾಗಿದ್ದ ತನ್ನ ಅಜ್ಜನ ಬಳಿಗೆ ಹೋಗುತ್ತಿದ್ದನು. ಅಜ್ಜನು ಬಡವರ ಗುಡಿಸಲುಗಳನ್ನು ಸಂದರ್ಶಿಸುವಾಗ ಮೊಮ್ಮಗನನ್ನೂ ಕರೆದುಕೊಂಡು ಹೋಗುವನು. ಹೊಲದಲ್ಲಿ ಚುರುಕಾಗಿ ಆಡುತ್ತಿದ್ದ ಬಡಮಕ್ಕಳು ಶಾಲೆಯನ್ನು ಸೇರಿದ ಮೇಲೆ ಮಂಕಾಗುವುದನ್ನೂ, ಕೂಲಿಗೆ ಹೋದ ಮೇಲೆ ಬಾಡುವುದನ್ನೂ ಬಾಲಕನು ಅಲ್ಲಿ ಕಣ್ಣಾರೆ ಕಂಡನು. ಮೊದಲು ಸಭಾಪಾಲಕನಾಗಬೇಕೆಂದೂ ಆಮೇಲೆ ನ್ಯಾಯಶಾಸ್ತ್ರವನ್ನು ಕಲಿಯಬೇಕೆಂದೂ ಯೋಚಿಸಿದ್ದ ಅವನು ಕಡೆಗೆ ಒಕ್ಕಲುತನವನ್ನು ಆರಿಸಿಕೊಂಡನು. 1769ರಲ್ಲಿ ಅನ್ನಾ ಶುಲ್ಟ್‌ಹೆಸ್ ಎಂಬ ಸದ್ಗುಣವತಿಯನ್ನು ಮದುವೆಯಾದನು. ಆಕೆಯು ಅವನಿಗಿಂತ ಸುಮಾರು ಎಂಟು ವರ್ಷ ಹಿರಿಯಳು, ಅನುಕೂಲಸ್ಥರ ಮನೆಯವಳು. ತಂದೆತಾಯಿಗಳ ಮನಸ್ಸಿಲ್ಲದಿದ್ದರೂ ಆಕೆಯು ಈ ಬಡವನನ್ನು ವರಿಸಿ, ನಲವತ್ತಾರು ವರ್ಷ ಅವನ ಕಷ್ಟಗಳಲ್ಲಿ ಪಾಲುಗಾರಳಾದಳು.

ಬಿರ್ ಎಂಬ ಹಳ್ಳಿಯ ಹತ್ತಿರ ಅವನು ಭೂಮಿಯನ್ನು ಕೊಂಡು, ನೊಯ್‌ಹೋಫ್, ಅಂದರೆ ಹೊಸ ಬೇಸಾಯದ ಮನೆ, ಎಂದು ಹೆಸರಿಟ್ಟು, ಬಣ್ಣಕ್ಕೆ ಬೇಕಾಗುವ ಮಂಜಿಷ್ಠದ ಬೆಳೆಯನ್ನು ಹಾಕಿದನು. ಬೆಳೆಯು ಕೈಗೆ ಹತ್ತಲಿಲ್ಲ, ಸಾಲ ಏರಿತು. 1770ರಲ್ಲಿ ಅವನಿಗೆ ಒಬ್ಬನೇ ಮಗನು ಹುಟ್ಟಿದನು. ಈ ಮಗನ ಶಿಕ್ಷಣದ ವಿಷಯವಾಗಿ 1774ರಲ್ಲಿ ಅವನು ಬರೆದಿಟ್ಟ ದಿನಚರಿಯು ಗುರುಗಳಾದವರೆಲ್ಲರಿಗೂ ಅಮೂಲ್ಯವಾದದ್ದು. ನಾಲ್ಕು ವರ್ಷವೂ ತುಂಬದ ಮಗನಿಗೆ ಅವನು ಸಂಖ್ಯೆಗಳನ್ನು ಕಲಿಸತೊಡಗಿದನು. ಹುಡುಗನು ಹೆಸರುಗಳನ್ನು ಬಾಯಿಪಾಠವಾಗಿ ಹೇಳಿದನು. ಆದರೆ ಆ ಹೆಸರುಗಳ ಹಿಂದೆ ಯಾವ ಅರ್ಥವೂ ಅವನ ಮನಸ್ಸಿನಲ್ಲಿ ಇರಲಿಲ್ಲ. ತಂದೆಯು ಇದನ್ನು ಕಂಡು ಬಹಳವಾಗಿ ಚಿಂತಿಸಿದನು. ವಸ್ತುವನ್ನು ತಿಳಿಯದೆ ಅದರ ಶಬ್ದವನ್ನು ಮಾತ್ರ ಹೊತ್ತವನಿಗೆ ಸತ್ಯದ ದಾರಿಯು ಸುಗಮವಾಗದೆ ಮತ್ತಷ್ಟು ಕಠಿಣವಾಗುವುದೆಂದು ಅವನು ಆ ದಿನಚರಿಯಲ್ಲಿ ಬರೆದಿಟ್ಟನು. ಮಗನ ತಪ್ಪನ್ನು ಅವನು ಮಗನ ಮೇಲೆ ಹೊರಿಸಲಿಲ್ಲ, ಕಲಿಸುವ ಕ್ರಮದಲ್ಲಿಯೇ ಹುಡುಕಿದನು. ಇದೇ ಅವನ ಜೀವಿತದ ದೊಡ್ಡ ತಿರುವು.

ಅದೇ 1774ರಲ್ಲಿ ಅವನು ತನ್ನ ನೊಯ್‌ಹೋಫಿನ ಮನೆಯಲ್ಲಿ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಮಕ್ಕಳನ್ನು ಸೇರಿಸಿಕೊಂಡು ಒಂದು ಬಡವರ ಶಾಲೆಯನ್ನು ಸ್ಥಾಪಿಸಿದನು. ಮಕ್ಕಳು ಹತ್ತಿಯ ನೂಲು ತೆಗೆದು, ನೇಯ್ದು, ಆ ಕೆಲಸದ ನಡುವೆಯೇ ಓದು ಲೆಕ್ಕಗಳನ್ನು ಕಲಿಯುತ್ತಿದ್ದರು. ಇಳಕಲ್ಲಿನಲ್ಲಿಯೂ ಗುಳೇದಗುಡ್ಡದಲ್ಲಿಯೂ ಮಗ್ಗದ ಸಪ್ಪಳವನ್ನು ಕೇಳುತ್ತ ಬೆಳೆದವರಿಗೆ ಈ ಚಿತ್ರವು ಹೊಸದಲ್ಲ. ಆದರೆ ಮಕ್ಕಳ ದುಡಿಮೆಯಿಂದ ಶಾಲೆಯ ವೆಚ್ಚವು ಹುಟ್ಟಲಿಲ್ಲ. ಹೊಸ ಬಟ್ಟೆ ಸಿಕ್ಕಿದೊಡನೆ ಕೆಲವರು ಓಡಿಹೋದರು. ಅನ್ನಾಳ ತವರಿನ ಹಣವೂ ಕರಗಿತು. 1780ರಲ್ಲಿ ಶಾಲೆಯು ಮುಚ್ಚಿತು. ಆಗ ಎಲಿಜಬೆತ್ ನೇಫ್ ಎಂಬ ಹಳ್ಳಿಯ ಹೆಣ್ಣುಮಗಳು ಈ ದುಃಖಿತ ಮನೆಗೆ ಸೇವೆಗೆ ಬಂದು, ಕದಡಿಹೋದ ಸಂಸಾರವನ್ನು ಶುಚಿಗೊಳಿಸಿ, ತೋಟವನ್ನು ಚಿಗುರಿಸಿ, ಎಲ್ಲವನ್ನೂ ಒಂದು ಕ್ರಮಕ್ಕೆ ತಂದಳು. ಬಾಲ್ಯದಲ್ಲಿ ಬಾಬೆಲಿಯಿಂದ ಉಳಿದವನು ಪ್ರೌಢ ವಯಸ್ಸಿನಲ್ಲಿ ಎಲಿಜಬೆತ್ತಳಿಂದ ಉಳಿದನು.

1781ರಲ್ಲಿ ಪೆಸ್ಟಲಾಜಿಯು ಲೀನ್‌ಹಾರ್ಟ್ ಮತ್ತು ಗೆರ್ಟ್ರೂಡ್ ಎಂಬ ಕಥೆಯ ಮೊದಲ ಭಾಗವನ್ನು ಪ್ರಕಟಿಸಿದನು. ಅದರ ನಾಯಕಿಯಾದ ಗೆರ್ಟ್ರೂಡಳು ಬಡ ಕಲ್ಲುಕುಟಿಗನ ಹೆಂಡತಿ. ಈ ಪಾತ್ರಕ್ಕೆ ಎಲಿಜಬೆತ್ತಳೇ ಮಾದರಿಯೆಂದು ಹೇಳುತ್ತಾರೆ. ಗೆರ್ಟ್ರೂಡಳು ತನ್ನ ಮಕ್ಕಳಿಗೆ ಲೆಕ್ಕವನ್ನು ಕಲಿಸುವ ರೀತಿಯನ್ನು ನಮ್ಮ ತಾಯಂದಿರು ಗಮನಿಸಬೇಕು. ಆಕೆಯು ಹಲಗೆ ಬಳಪಗಳನ್ನು ಕೊಳ್ಳಲಿಲ್ಲ. ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಎಷ್ಟು ಹೆಜ್ಜೆಗಳೆಂದು ಮಕ್ಕಳಿಂದ ಎಣಿಸಿಸಿದಳು. ನೂಲುವಾಗ ಎಳೆಗಳನ್ನೂ, ಲಡಿ ಸುತ್ತುವಾಗ ಸುತ್ತುಗಳನ್ನೂ ಎಣಿಸಿಸಿದಳು. ಕಿಟಕಿಯಲ್ಲಿ ಐದೈದರ ಎರಡು ಸಾಲಾಗಿದ್ದ ಗಾಜುಗಳನ್ನು ತೋರಿಸಿ, ಐದು ಮತ್ತು ಐದು ಕೂಡಿ ಹತ್ತಾಗುವ ಗುಟ್ಟನ್ನು ತಿಳಿಸಿದಳು. ಇಷ್ಟರಲ್ಲಿ ಪೆಸ್ಟಲಾಜಿಯ ಗಣಿತ ಬೋಧನೆಯ ಸಾರವೆಲ್ಲವೂ ಅಡಗಿದೆ.

ಕಥೆಯಿಂದ ಕೀರ್ತಿಯು ಬಂದಿತು. 1792ರಲ್ಲಿ ಫ್ರಾನ್ಸ್ ದೇಶದ ಶಾಸನಸಭೆಯು ಅವನಿಗೆ ಗೌರವ ಪೌರತ್ವವನ್ನು ಕೊಟ್ಟಿತು. ಆದರೆ ಕಲಿಸುವುದಕ್ಕೆ ಅವನಿಗೆ ಮಕ್ಕಳು ದೊರೆಯಲಿಲ್ಲ. ಹದಿನೆಂಟು ವರ್ಷ ಕಾದ ಮೇಲೆ ಒಂದು ಘೋರವಾದ ಸಂಗತಿಯಿಂದ ಆ ಬಾಗಿಲು ತೆರೆಯಿತು. 1798ರ ಸೆಪ್ಟೆಂಬರ್ ತಿಂಗಳಲ್ಲಿ ಫ್ರೆಂಚ್ ಸೈನ್ಯವು ಹೊಸ ರಾಜ್ಯವ್ಯವಸ್ಥೆಗೆ ಒಪ್ಪದ ಸ್ಟಾನ್ಸ್ ಪ್ರಾಂತದ ಮೇಲೆ ಬಿದ್ದು ಕೊಲೆ ಸುಲಿಗೆಗಳನ್ನು ನಡಿಸಿತು. ಅನೇಕ ಮಕ್ಕಳು ಅನಾಥರಾದರು. ಅವರನ್ನು ನೋಡಿಕೊಳ್ಳಲು ಐವತ್ತೆರಡು ವರ್ಷದ ಪೆಸ್ಟಲಾಜಿಯು ಹೊರಟನು. 1799ರ ಜನವರಿಯಲ್ಲಿ ಸನ್ಯಾಸಿನಿಯರ ಮಠವೊಂದರಲ್ಲಿ ಅನಾಥಶಾಲೆಯು ಆರಂಭವಾಯಿತು. ಸುಮಾರು ಎಂಬತ್ತು ಮಕ್ಕಳು. ಸಹಾಯಕ್ಕೆ ಮನೆಗೆಲಸದವಳು ಒಬ್ಬಳೇ. ಮಕ್ಕಳ ಮೈಯಲ್ಲಿ ಕಜ್ಜಿ, ತಲೆಯಲ್ಲಿ ಹೇನು, ಕಣ್ಣುಗಳಲ್ಲಿ ಭಯ. ಅವನು ಅವರ ಸಂಗಡ ಉಂಡು, ಅವರ ನಡುವೆಯೇ ಮಲಗಿ, ಕಾಯಿಲೆಯವರನ್ನು ತೊಳೆದು, ಹಿರಿಯ ಮಕ್ಕಳಿಂದ ಕಿರಿಯರಿಗೆ ಕಲಿಸಿದನು. ಪುಸ್ತಕಗಳು ಇಲ್ಲದ್ದರಿಂದ ಸುತ್ತಲಿನ ವಸ್ತುಗಳೇ ಪುಸ್ತಕಗಳಾದವು. ಆದರೆ ಜೂನ್ ತಿಂಗಳಲ್ಲಿ ಸೈನ್ಯದವರು ಆ ಕಟ್ಟಡವನ್ನು ಆಸ್ಪತ್ರೆಗಾಗಿ ಕೇಳಲು ಶಾಲೆಯು ಒಡೆಯಿತು. ಐದೇ ತಿಂಗಳ ಕೆಲಸ! ರಕ್ತ ಕಾರುವಷ್ಟು ದಣಿದು ಅವನು ಬೆಟ್ಟದ ಊರೊಂದರಲ್ಲಿ ವಿಶ್ರಾಂತಿ ಪಡೆಯಬೇಕಾಯಿತು.

ಚೇತರಿಸಿಕೊಂಡೊಡನೆ, ಅದೇ ವರ್ಷದಲ್ಲಿ, ಅವನು ಬುರ್ಗ್‌ಡೋರ್ಫ್ ಪಟ್ಟಣಕ್ಕೆ ಹೋಗಿ, ಚಮ್ಮಾರಿಕೆಯನ್ನು ಮಾಡುತ್ತ ಬಡಮಕ್ಕಳಿಗೆ ಓದು ಕಲಿಸುತ್ತಿದ್ದ ಒಬ್ಬನ ಶಾಲೆಯಲ್ಲಿ ಕಲಿಸಲು ಅಪ್ಪಣೆ ಪಡೆದನು. ಅಲ್ಲಿಯ ತಂದೆತಾಯಿಗಳು ತಮ್ಮ ಮಕ್ಕಳ ಮೇಲೆ ಹೊಸ ಪ್ರಯೋಗಗಳು ಬೇಡವೆಂದೂ, ಮಾಡುವುದಾದರೆ ಮೊದಲು ಶ್ರೀಮಂತರ ಮಕ್ಕಳ ಮೇಲೆ ಮಾಡಲೆಂದೂ ಗದ್ದಲವೆಬ್ಬಿಸಿದರು. ಪ್ರಸಿದ್ಧ ಗ್ರಂಥಕರ್ತನು ತಲೆತಗ್ಗಿಸಿ ಆ ಶಾಲೆಯನ್ನು ಬಿಟ್ಟು, ಐದರಿಂದ ಎಂಟು ವರ್ಷದ ಶಿಶುಗಳಿಗೆ ಅಕ್ಷರ ಕಲಿಸುವ ಚಿಕ್ಕ ಶಾಲೆಯನ್ನು ಸೇರಿದನು. ಅಲ್ಲಿ ಅವನ ಪದ್ಧತಿಯು ಹಣ್ಣಾಯಿತು. ಗೋಡೆಯ ಮೇಲಿನ ಹಳೆಯ ಚಿತ್ರಕಾಗದವು ಅಲ್ಲಲ್ಲಿ ಹರಿದು ತೂತುಬಿದ್ದಿತ್ತು. ಅವನು ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ತೂತುಗಳೆಷ್ಟು, ಅವುಗಳ ಆಕಾರವೇನು, ಯಾವುದು ಮೇಲೆ, ಯಾವುದು ಕೆಳಗೆ ಎಂದು ಕೇಳಿ, ಅವರ ಬಾಯಿಂದ ಪೂರ್ಣ ವಾಕ್ಯಗಳನ್ನು ಹೊರಡಿಸುವನು. 1800ರ ವಸಂತದಲ್ಲಿ ಪರೀಕ್ಷೆ ನಡೆದಾಗ ಪರೀಕ್ಷಕರು ಶಿಶುಗಳ ತಿಳಿವಳಿಕೆಗೆ ಬೆರಗಾಗಿ ಅವನನ್ನು ಬಹಳವಾಗಿ ಮೆಚ್ಚಿದರು. ಕ್ರೂಸಿ ಎಂಬ ಒಳ್ಳೆಯ ಸಹಾಯಕನು ದೊರೆತನು. ಪಟ್ಟಣದ ಕೋಟೆಯಲ್ಲಿ ಸ್ವಂತ ವಿದ್ಯಾಲಯವು ನೆಲೆಗೊಂಡಿತು. ಗೆರ್ಟ್ರೂಡಳು ತನ್ನ ಮಕ್ಕಳಿಗೆ ಕಲಿಸುವ ಬಗೆ ಎಂಬ ಪ್ರಖ್ಯಾತ ಗ್ರಂಥವು 1801ರಲ್ಲಿ ಹೊರಬಂದಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಬಹುಕಾಲದಿಂದ ಮೂರ್ಛೆರೋಗದಿಂದ ನರಳುತ್ತಿದ್ದ ಅವನ ಒಬ್ಬನೇ ಮಗನು ತೀರಿಕೊಂಡನು. ಯಾವ ಮಗನಿಂದ ಲೆಕ್ಕದ ರಹಸ್ಯವನ್ನು ಮೊದಲು ಕಲಿತನೋ, ಆ ಮಗನು ತಂದೆಯ ಕೀರ್ತಿಯನ್ನು ನೋಡಲು ಉಳಿಯಲಿಲ್ಲ.

ಇನ್ನು ಅವನ ಪದ್ಧತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಯಾವ ವಸ್ತುವನ್ನು ನೋಡಿದರೂ ಮನಸ್ಸು ಅದರಲ್ಲಿ ಮೂರು ಸಂಗತಿಗಳನ್ನು ಹುಡುಕುವುದೆಂದು ಅವನು ನಿರ್ಣಯಿಸಿದನು. ಎಷ್ಟು ಎಂಬುದು ಸಂಖ್ಯೆ, ಹೇಗಿದೆ ಎಂಬುದು ಆಕಾರ, ಏನೆಂಬುದು ಹೆಸರು. ಸಂಖ್ಯೆಯನ್ನು ಕಲಿಸಬೇಕಾದರೆ ಮೊದಲು ಅಂಕಿಯನ್ನು ಬರೆಯಿಸಬಾರದು. ಅಕ್ಷರದ ಹಲಗೆಯೊಂದನ್ನು ಮೇಜಿನ ಮೇಲಿಟ್ಟು, ಇಲ್ಲಿ ಹಲವು ಇವೆಯೋ ಒಂದೇ ಇದೆಯೋ ಎಂದು ಕೇಳಬೇಕು. ಮತ್ತೊಂದನ್ನು ಸೇರಿಸಿ, ಒಂದಕ್ಕೆ ಒಂದು ಕೂಡಿದರೆ ಎಷ್ಟಾಯಿತೆಂದು ಕೇಳಬೇಕು. ಹೀಗೆಯೇ ಕೂಡಿಸುತ್ತ, ಆಮೇಲೆ ಒಂದೊಂದನ್ನಾಗಿ ತೆಗೆಯುತ್ತ ಹೋಗಬೇಕು. ಬಟಾಣಿ, ಹರಳು, ಕಡ್ಡಿಗಳು ಇದಕ್ಕೆ ಸಾಕು. ಮಗುವು ಕಣ್ಣಿನಿಂದ ಕಂಡು, ಕೈಯಿಂದ ಸರಿಸಿ, ಬಾಯಿಂದ ಹೇಳಿದ ಮೇಲೆಯೇ ಅಂಕಿಯ ಗುರುತು ಬರತಕ್ಕದ್ದು.

ಅನಂತರ ಅವನು ಒಂದು ಪಟವನ್ನು ಕಲ್ಪಿಸಿದನು. ಅದರಲ್ಲಿ ಹತ್ತು ಸಾಲುಗಳು, ಸಾಲಿಗೆ ಹತ್ತು ಮನೆಗಳು, ಒಟ್ಟಿಗೆ ನೂರು ಮನೆಗಳು. ಮೊದಲನೆಯ ಸಾಲಿನ ಪ್ರತಿ ಮನೆಯಲ್ಲಿ ಒಂದು ಗೀಟು, ಎರಡನೆಯದರಲ್ಲಿ ಎರಡೆರಡು, ಮೂರನೆಯದರಲ್ಲಿ ಮೂರು ಮೂರು, ಹೀಗೆ ಹತ್ತನೆಯ ಸಾಲಿನಲ್ಲಿ ಹತ್ತು ಹತ್ತು ಗೀಟುಗಳು. ಮಕ್ಕಳು ಕೋಲಿನಿಂದ ತೋರಿಸುತ್ತ, ಮೂರರ ನಾಲ್ಕು ಗುಂಪುಗಳಲ್ಲಿ ಒಂದುಗಳು ಎಷ್ಟು, ಹನ್ನೆರಡರಲ್ಲಿ ಎರಡರ ಗುಂಪುಗಳು ಎಷ್ಟು ಎಂದು ಕಂಡುಹಿಡಿಯುವರು. ನಮ್ಮಲ್ಲಿ ಎರಡೊಂದಲೆ ಎರಡು ಎಂದು ರಾಗವಾಗಿ ಹೇಳುವ ಮಗ್ಗಿಯು ಆ ಪಟದಲ್ಲಿ ಕಣ್ಣಿಗೆ ಕಾಣುವ ಮಗ್ಗಿಯಾಗಿ ನಿಂತಿತು. ಗುಂಪೆಂಬುದೇ ಗಣಿತದ ಜೀವವೆಂದು ಅವನು ಅರಿತಿದ್ದನು. ಒಂದೊಂದಾಗಿ ಎಣಿಸುವವನು ಎಣಿಕೆಯ ಹೊಸ್ತಿಲಲ್ಲಿ ನಿಂತವನು. ಗುಂಪಾಗಿ ಕಾಣುವವನು ಒಳಗೆ ಬಂದವನು.

1805ರಿಂದ ಇವೆರ್ದೊನ್ ಪಟ್ಟಣದಲ್ಲಿ ನಡೆದ ಅವನ ವಿದ್ಯಾಲಯವು ಯೂರೋಪ್ ಖಂಡದಲ್ಲೆಲ್ಲ ಪ್ರಸಿದ್ಧವಾಯಿತು. ಪ್ರಶ್ಯದ ಸರಕಾರವು ತರುಣ ಉಪಾಧ್ಯಾಯರನ್ನು ಅಲ್ಲಿಗೆ ಕಳುಹಿಸಿತು. ಫ್ರೋಬೆಲನು 1808ರಿಂದ 1810ರವರೆಗೆ ಅಲ್ಲಿದ್ದು ಕಲಿತನು. ಮುಂದೆ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಕೊಟ್ಟವನು ಇವನೇ. ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಒಂದು ಸಂಗತಿಯು ವಿಶೇಷ ಸಂತೋಷವನ್ನು ಕೊಡುವುದು. 1806ರಲ್ಲಿ ಪೆಸ್ಟಲಾಜಿಯು ಇವೆರ್ದೊನಿನಲ್ಲಿ ಹೆಣ್ಣುಮಕ್ಕಳಿಗಾಗಿಯೂ ಒಂದು ವಿದ್ಯಾಲಯವನ್ನು ತೆರೆದನು. ರೋಸೆಟ್ ಕಾಸ್ಟ್‌ಹೋಫರ್ ಎಂಬ ಶಿಕ್ಷಕಿಯು ಮುಂದೆ ಅದರ ಭಾರವನ್ನು ವಹಿಸಿ ಕೀರ್ತಿವಂತಳಾದಳು. ತಾಯಿಯಾಗುವವಳು ಎಣಿಕೆಯನ್ನು ತಿಳಿದಿದ್ದರೆ ಮನೆತನವೇ ತಿಳಿದಂತಾಗುವುದೆಂಬುದು ಅವನ ನಂಬುಗೆಯಾಗಿತ್ತು.

ಆದರೆ ಈ ಚರಿತ್ರೆಯು ಜಯಘೋಷದಿಂದ ಮುಗಿಯುವುದಿಲ್ಲ. 1815ರ ಡಿಸೆಂಬರಿನಲ್ಲಿ ಅನ್ನಾಳು ತೀರಿಕೊಂಡಳು. ಸಹಾಯಕರಾದ ನೀಡರರ್ ಮತ್ತು ಶ್ಮಿಡ್ ಎಂಬವರಲ್ಲಿ ಕಲಹವು ಬೆಳೆದು ವಿದ್ಯಾಲಯವು ಒಡೆದ ಮಡಕೆಯಂತಾಯಿತು. ಬಾಯಿಲೆಕ್ಕದಲ್ಲಿ ಮಕ್ಕಳ ವೇಗವನ್ನು ನೋಡಿ ಸಂದರ್ಶಕರು ಚಪ್ಪಾಳೆ ತಟ್ಟಿದರು. ಆದರೆ ವೇಗವೇ ಗುರಿಯಾಗಿ, ನೋಡುವ ಕಣ್ಣು ಮರೆಯಾಗುವ ಅಪಾಯವು ಒಳಗೇ ಹುಟ್ಟಿತು. ಅವನ ಅನಂತರ ಅನೇಕ ಶಾಲೆಗಳಲ್ಲಿ ಆ ಗೀಟುಗಳ ಪಟವನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಬಾಯಿಪಾಠಕ್ಕೆ ಕೊಟ್ಟ ಮದ್ದು ತಾನೇ ಬಾಯಿಪಾಠವಾಯಿತು. ಯಾವ ಒಳ್ಳೆಯ ಪದ್ಧತಿಯಾದರೂ ಮಗುವಿನ ಮುಖವನ್ನು ನೋಡದ ಗುರುವಿನ ಕೈಯಲ್ಲಿ ಹೀಗೆಯೇ ಆಗುವುದು. 1825ರಲ್ಲಿ ಇವೆರ್ದೊನಿನ ವಿದ್ಯಾಲಯವು ಮುಚ್ಚಲು, ಎಪ್ಪತ್ತೊಂಬತ್ತು ವರ್ಷದ ವೃದ್ಧನು ತನ್ನ ಮೊದಲನೆಯ ಸೋಲಿನ ಸ್ಥಳವಾದ ನೊಯ್‌ಹೋಫಿಗೇ ಮರಳಿದನು.

ಇಲ್ಲಿ ನಮ್ಮ ನಾಡಿಗೆ ಸಂಬಂಧವಾದ ಒಂದು ಎಳೆಯು ಕಾಣಿಸುವುದು. 1815ರಲ್ಲಿ ಬಾಸೆಲ್ ಮಿಶನ್ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಸ್ಪಿಟ್ಲರ್ ಎಂಬವನು ಒಬ್ಬನು. ಅದೇ ಸ್ಪಿಟ್ಲರನ ಪ್ರಯತ್ನದಿಂದ ಬೊಯ್ಗೆನ್ ಎಂಬಲ್ಲಿ 1820ರಲ್ಲಿ ಬಡಮಕ್ಕಳ ಆಶ್ರಮವೂ ಉಪಾಧ್ಯಾಯರ ಶಿಕ್ಷಣಶಾಲೆಯೂ ಹುಟ್ಟಿ, ತ್ಸೆಲ್ಲರ್ ಎಂಬ ಭಕ್ತನ ಕೈಯಲ್ಲಿ ಬೆಳೆದವು. 1826ರಲ್ಲಿ ಪೆಸ್ಟಲಾಜಿಯು ಈ ಆಶ್ರಮವನ್ನು ನೋಡಲು ಹೋದನು. ತಾನು ಐವತ್ತು ವರ್ಷಗಳ ಹಿಂದೆ ನೊಯ್‌ಹೋಫಿನಲ್ಲಿ ಮಾಡಬಯಸಿ ಸೋತ ಕಾರ್ಯವು ಇಲ್ಲಿ ನಡೆಯುತ್ತಿರುವುದನ್ನು ಕಂಡು ಅವನ ಹೃದಯವು ತುಂಬಿತು. ಮಕ್ಕಳು ಹಾಡಿ, ಓಕ್ ಮರದ ಎಲೆಗಳ ಕಿರೀಟವನ್ನು ಅವನಿಗೆ ಅರ್ಪಿಸಲು ಬಂದಾಗ, ಅದು ತನಗೆ ಸಲ್ಲತಕ್ಕದ್ದಲ್ಲ, ನಿರ್ಮಲವಾದ ಮಕ್ಕಳಿಗೇ ಸಲ್ಲತಕ್ಕದ್ದೆಂದು ಅವನು ತೊಟ್ಟುಕೊಳ್ಳಲಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1851ರಲ್ಲಿ ನಮ್ಮ ನೆರೆಯ ಗುಳೇದಗುಡ್ಡಕ್ಕೂ ಬಂದು ನೆಲೆಸಿದರು. ಗುಳೇದಗುಡ್ಡದ ನೇಕಾರರ ಮಕ್ಕಳಿಗೆ ಪಾಠಶಾಲೆಯ ಬಾಗಿಲನ್ನು ತೆರೆದವರಲ್ಲಿ ಅವರೂ ಸೇರಿದ್ದಾರೆ.

ಮರುವರ್ಷ, 1827ರ ಫೆಬ್ರುವರಿ 17ರಂದು, ಬ್ರುಗ್ ಪಟ್ಟಣದಲ್ಲಿ ಎಂಬತ್ತೊಂದು ವರ್ಷದ ಪೆಸ್ಟಲಾಜಿಯು ಪ್ರಾಣ ಬಿಟ್ಟನು. ಬಿರ್ ಹಳ್ಳಿಯಲ್ಲಿ, ಶಾಲೆಯ ಮಗ್ಗುಲಿನಲ್ಲಿ, ಅವನನ್ನು ಸಮಾಧಿ ಮಾಡಿದರು. ಅವನು ಹುಟ್ಟಿದ ನೂರನೆಯ ವರ್ಷವಾದ 1846ರಲ್ಲಿ ಅಲ್ಲಿ ಸ್ಮಾರಕವನ್ನು ಕಟ್ಟಿದರು. ಇತರರಿಗಾಗಿ ಎಲ್ಲವನ್ನೂ ಮಾಡಿ ತನಗಾಗಿ ಏನನ್ನೂ ಇಟ್ಟುಕೊಳ್ಳದವನೆಂಬ ಅರ್ಥದ ಬರಹವು ಅದರ ಮೇಲಿದೆ.

ಅವನು ಹಾಕಿದ ಬೀಜವು ಅನೇಕ ನಾಡುಗಳಲ್ಲಿ ಮೊಳೆಯಿತು. ನಮ್ಮ ದೇಶದ ಟ್ರೇನಿಂಗ್ ಶಾಲೆಗಳಲ್ಲಿ ಹಿಂದೆ ಕಲಿಸುತ್ತಿದ್ದ ವಸ್ತುಪಾಠವು ಅವನ ವಂಶದ್ದೇ. 1939ರಲ್ಲಿ ಮದರಾಸಿಗೆ ಬಂದು ಶಿಕ್ಷಕರನ್ನು ತರಬೇತುಗೊಳಿಸಿದ ಮರಿಯಾ ಮಾಂಟೆಸೊರಿಯವರ ಮಣಿಗಳಲ್ಲಿಯೂ ಬಿಡಿಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ ಎಂಬ ಗುಂಪುಗಳೇ ಇವೆ. ಶಾಸ್ತ್ರಜ್ಞರ ಪರಿಶೋಧನೆಯೂ ಇದನ್ನೇ ಪುಷ್ಟಿಗೊಳಿಸಿದೆ. 1871ರಲ್ಲಿ ಜೆವನ್ಸ್ ಎಂಬ ಆಂಗ್ಲ ಪಂಡಿತನು ಒಂದು ಪೆಟ್ಟಿಗೆಯಲ್ಲಿ ಅವರೆಯ ಜಾತಿಯ ಕಾಳುಗಳನ್ನು ಎಸೆದು, ಎಣಿಸದೆ ಒಂದೇ ನೋಟದಲ್ಲಿ ಎಷ್ಟೆಂದು ಹೇಳುವ ಪ್ರಯೋಗವನ್ನು ಸಾವಿರಕ್ಕೂ ಹೆಚ್ಚು ಸಾರಿ ಮಾಡಿದನು. ಮೂರು ನಾಲ್ಕು ಕಾಳುಗಳಿದ್ದಾಗ ಅವನು ಒಮ್ಮೆಯೂ ತಪ್ಪಲಿಲ್ಲ. ಐದರಿಂದ ತಪ್ಪು ತೊಡಗಿತು. ಸಂಖ್ಯೆ ಏರಿದಂತೆ ತಪ್ಪೂ ಏರಿತು. ದೇವರು ಮನುಷ್ಯನ ಕಣ್ಣಿಗೆ ಕೊಟ್ಟ ಅಳತೆಯು ಅಷ್ಟೇ. ಪಂಡಿತನಿಗೇ ಹೀಗಾದರೆ, ಹದಿನೇಳು ಕಾಳುಗಳ ರಾಶಿಯ ಮುಂದೆ ಕೂಸು ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವೇನು? ಅದೇ ಹದಿನೇಳನ್ನು ಐದರ ಮೂರು ಗುಂಪುಗಳಾಗಿಯೂ ಮೇಲೆ ಎರಡಾಗಿಯೂ ಇಟ್ಟರೆ ಕಣ್ಣಿಗೆ ಕೂಡಲೇ ನಿಲುಕುವುದು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಸಾಮಗ್ರಿಯ ಕೊರತೆಯಿಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದ ನಾಡಿದು. ನಮ್ಮ ಭಾಷೆಯೇ ಗುಂಪಿನ ಪಾಠವನ್ನು ಹೇಳುತ್ತದೆ. ಹತ್ತರ ಮೇಲೊಂದು ಹನ್ನೊಂದು. ಎರಡು ಹತ್ತು ಇಪ್ಪತ್ತು. ಮೂರು ಹತ್ತು ಮೂವತ್ತು. ಕಡ್ಡಿಗಳ ಎರಡು ಕಟ್ಟುಗಳನ್ನು ಕೈಯಲ್ಲಿ ಹಿಡಿದು ಇಪ್ಪತ್ತೆಂದ ಮಗುವಿಗೆ ಆ ಶಬ್ದದ ಒಳಗಿರುವ ಹತ್ತುಗಳು ಕೇಳಿಸುತ್ತವೆ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಬೀಜ ಬಿತ್ತುತ್ತ ಹೋಗುವ ಅಜ್ಜಿಯು ಯಾವ ಗುಳಿಯಲ್ಲಿ ನಾಲ್ಕು ಕೂಡಿತೆಂದು ಮುಟ್ಟದೆ ಹೇಳುವಳು. ಮುಷ್ಟಿಯೊಳಗೆ ಬೀಜಗಳನ್ನು ಮುಚ್ಚಿ ಸರಿಯೋ ಬೆಸವೋ ಎಂದು ಕೇಳುವ ಆಟವು ಅಂದಾಜಿನ ಪಾಠವೇ. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವಾಗ ಒಂದೆಳೆ ತಪ್ಪಿದರೂ ನೇಯ್ಗೆ ಕೆಡುವುದು. ಬಾದಾಮಿಯ ಒಂದನೆಯ ಗವಿಗೆ ಮಕ್ಕಳನ್ನು ಕರೆದೊಯ್ದವರು ಅಲ್ಲಿಯ ನಟರಾಜನ ಹದಿನೆಂಟು ತೋಳುಗಳನ್ನು ಮೊದಲು ಅಂದಾಜಿನಿಂದ ಹೇಳಿಸಿ, ಆಮೇಲೆ ಎಣಿಸಿಸಿ ನೋಡಲಿ. ಹುನಗುಂದದ ಕಡೆಯ ಕುರಿಗಾಹಿಯು ಸಂಜೆ ಹಿಂಡಿನ ಮೇಲೆ ಕಣ್ಣಾಡಿಸಿ, ಒಂದು ಕಡಿಮೆಯೆಂದು ತಿಳಿಯುವನು. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಹೋದ ಒಳ್ಳೇ ಕುರುಬನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಎಣಿಕೆಯಿಲ್ಲದಿದ್ದರೆ ಆ ಒಂದು ಕಳೆದದ್ದು ಗೊತ್ತಾಗುತ್ತಿತ್ತೇ? ಐದು ಸಾವಿರ ಜನರಿಗೆ ರೊಟ್ಟಿ ಹಂಚುವ ಮೊದಲು ಅವರನ್ನು ನೂರು ನೂರಾಗಿಯೂ ಐವತ್ತು ಐವತ್ತಾಗಿಯೂ ಕುಳ್ಳಿರಿಸಿದ್ದನ್ನು ಸುವಾರ್ತೆಯಲ್ಲಿ ಓದುತ್ತೇವೆ.

ಆದಕಾರಣ ತಾಯಂದಿರಲ್ಲಿ ನಮ್ಮ ಬಿನ್ನಹವೇನಂದರೆ, ದಿನಕ್ಕೆ ಕಾಲು ಗಂಟೆಯಾದರೂ ಈ ಆಟಕ್ಕೆ ಕೊಡಿರಿ. ಒಂದು ಹಿಡಿ ಹುಣಸೆಯ ಬೀಜಗಳನ್ನು ನೆಲದ ಮೇಲೆ ಹಾಕಿ, ಎಣಿಸದೆ ಎಷ್ಟಿರಬಹುದೆಂದು ಮಗುವನ್ನು ಕೇಳಿರಿ. ಅದು ಹೇಳಿದ ಸಂಖ್ಯೆಯನ್ನು ಸುಣ್ಣದಿಂದ ಬರೆದಿಡಿರಿ. ಅನಂತರ ಮಗುವೇ ಐದೈದರ ಗುಂಪು ಮಾಡಲಿ. ಎರಡು ಗುಂಪುಗಳು ಕೂಡಿ ಹತ್ತಾಗಲಿ. ಹತ್ತುಗಳನ್ನು ಮೊದಲು ಎಣಿಸಿ, ಉಳಿದ ಬಿಡಿಗಳನ್ನು ಆಮೇಲೆ ಎಣಿಸಲಿ. ಹೇಳಿದ್ದಕ್ಕೂ ಕಂಡದ್ದಕ್ಕೂ ಅಂತರವೆಷ್ಟೆಂದು ತಾನೇ ನೋಡಲಿ. ಮರುದಿನ ರಾಶಿಯ ಮಗ್ಗುಲಲ್ಲಿ ಹತ್ತು ಬೀಜಗಳ ಒಂದು ಗುಂಪನ್ನು ಗುರುತಿಗಾಗಿ ಇಡಿರಿ. ಅದನ್ನು ನೋಡುತ್ತ ಮಗುವು, ಈ ರಾಶಿಯಲ್ಲಿ ಅಂಥ ಗುಂಪು ಮೂರು ಇರಬಹುದೆಂದು ತೂಗಿ ಹೇಳಲು ಕಲಿಯುವುದು. ಕೆಲವು ವಾರಗಳಲ್ಲಿ ಅಂದಾಜು ನಿಜಕ್ಕೆ ಹತ್ತಿರವಾಗುತ್ತ ಬರುವುದನ್ನು ಕಾಣುವಿರಿ. ಅಂದಾಜು ತಪ್ಪಿದಾಗ ನಗಬೇಡಿರಿ, ಗದರಿಸಬೇಡಿರಿ. ಅಂದಾಜೆಂದರೆ ತಪ್ಪಲು ಸ್ವಾತಂತ್ರ್ಯವುಳ್ಳ ಲೆಕ್ಕ. ಹೆದರಿದ ಮಗುವು ಅಂದಾಜನ್ನು ಬಿಟ್ಟು ದೊಡ್ಡವರ ಮುಖವನ್ನು ನೋಡತೊಡಗುವುದು. ಒಮ್ಮೆ ಮುಖವನ್ನು ನೋ ಡಲು ಕಲಿತ ಮೇಲೆ ಬೀಜವನ್ನು ನೋಡುವುದಿಲ್ಲ.

ಮಗ್ಗಿಯು ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲು ಮಗ್ಗಿಗಳಿಂದ ಸಂತೆಯ ವ್ಯವಹಾರವನ್ನು ನಾಲಿಗೆಯ ತುದಿಯಲ್ಲಿ ನಡಿಸಿದರು. 1957ರಲ್ಲಿ ದಶಮಾಂಶ ನಾಣ್ಯವು ಬಂದು ಆಣೆಯ ಲೆಕ್ಕವು ಮರೆಯಾದರೂ ಅವರ ಜಾಣ್ಮೆಯನ್ನು ನಾವು ಗೌರವಿಸುತ್ತೇವೆ. ಆದರೆ ಅವರು ಮಗ್ಗಿಯ ಜೊತೆಗೆ ಕಾಳನ್ನೂ ಸೇರನ್ನೂ ಕೈಯಲ್ಲಿ ಹಿಡಿದಿದ್ದರು. ಕೈಯಲ್ಲಿ ಏನೂ ಇಲ್ಲದೆ ಬಾಯಲ್ಲಿ ಮಾತ್ರ ಮಗ್ಗಿಯನ್ನು ತುಂಬುವುದೇ ಅನರ್ಥ. ಅಂಥ ಮಗುವು ಮೂರನೆಯ ನಾಲ್ಕನೆಯ ತರಗತಿಗಳಲ್ಲಿ ಕೈಯ ಲೆಕ್ಕ, ದಶಕದ ಲೆಕ್ಕ ಬಂದಾಗ ದಾರಿ ತಪ್ಪಿ, ತನಗೆ ಗಣಿತ ಬಾರದೆಂದು ತಾನೇ ತೀರ್ಪು ಹೇಳಿಕೊಳ್ಳುವುದು. ಹೆಣ್ಣುಮಗುವಾದರೆ ಮನೆಯವರೂ ಆ ತೀರ್ಪನ್ನು ಬೇಗನೆ ಒಪ್ಪಿಬಿಡುವರು. ಹೈಸ್ಕೂಲಿನ ವರ್ಗದಲ್ಲಿ ಗಣಿತದ ಹೆಸರು ಕೇಳಿ ತಲೆತಗ್ಗಿಸುವ ಬುದ್ಧಿವಂತೆಯರನ್ನು ವರ್ಷವರ್ಷವೂ ನಾವು ನೋಡುತ್ತೇವೆ. ಅವರ ಗಂಟು ಬೀಜಗಣಿತದಲ್ಲಿಲ್ಲ. ಎಂದೋ ಎಣಿಸದೆ ಬಿಟ್ಟ ಹುಣಸೆಯ ಬೀಜಗಳಲ್ಲಿದೆ. ಮಗ್ಗದ ಕೂಲಿಯಲ್ಲಿ, ಸಂತೆಯ ತೂಕದಲ್ಲಿ, ಸಾಲದ ಬಡ್ಡಿಯಲ್ಲಿ ಅಂದಾಜು ಬಲ್ಲ ಹೆಣ್ಣುಮಗಳನ್ನು ಮೋಸಗೊಳಿಸುವುದು ಸುಲಭವಲ್ಲ. ಆದ್ದರಿಂದ ಇದು ಕೂಸಿನ ಆಟವೆಂದು ಅಲಕ್ಷ್ಯ ಮಾಡತಕ್ಕ ವಿಷಯವಲ್ಲ.

ಪೆಸ್ಟಲಾಜಿಯು ಧನವಂತನಾಗಲಿಲ್ಲ, ಕಟ್ಟಿದ ಶಾಲೆಗಳು ಒಂದೂ ಅವನ ಕೈಯಲ್ಲಿ ನಿಲ್ಲಲಿಲ್ಲ. ಆದರೂ ಯಾವ ಊರಿನಲ್ಲಿ ಒಬ್ಬ ತಾಯಿಯು ಒಲೆಯ ಮುಂದೆ ಕುಳಿತು, ಬುಟ್ಟಿಯಲ್ಲಿರುವ ರೊಟ್ಟಿಗಳೆಷ್ಟು, ಉಣ್ಣುವವರೆಷ್ಟು, ಒಬ್ಬೊಬ್ಬರಿಗೆ ಎಷ್ಟು ಬಂದೀತೆಂದು ಮಗುವನ್ನು ಪ್ರೀತಿಯಿಂದ ಕೇಳುವಳೋ, ಅಲ್ಲಿ ಅವನ ಶಾಲೆಯು ನಡೆಯುತ್ತಿದೆ. ನಮ್ಮ ಪೂರ್ವ ವಿದ್ಯಾರ್ಥಿನಿಯರ ಮನೆಗಳೆಲ್ಲವೂ ಅಂಥ ಶಾಲೆಗಳಾಗಲಿ. ಅಲ್ಲಿಂದ ನಮ್ಮ ಬಳಿಗೆ ಬರುವ ಮಕ್ಕಳು ನೋಡುವ ಕಣ್ಣುಳ್ಳವರೂ ನಿರ್ಭೀತರೂ ಆಗಿರಲಿ ಎಂದು ದೇವರನ್ನು ಬೇಡಿಕೊಂಡು ಈ ಚರಿತ್ರೆಯನ್ನು ಮುಗಿಸುತ್ತೇವೆ.